ನಿಲ್ಲದ ನೆತ್ತರು: ಫೊನ್ ವಿಲ್ಲೆಬ್ರಾಂಡ್ ವ್ಯಾಧಿಯ ಪರಿಚಯ

ಸ್ವೀಡನ್ ಮತ್ತು ಫಿನ್ಲೆಂಡ್ ದೇಶಗಳ ನಡುವೆ, ಬಾಲ್ಟಿಕ್ ಸಮುದ್ರದಲ್ಲಿ, ಸಾವಿರಾರು ಸಣ್ಣ ನಡುಗಡ್ಡೆಗಳ ಒಂದು ಸಮೂಹವಿದೆ. ಓಲಂಡ್ ಎಂದು ಅದರ ಹೆಸರು. ಆಡಳಿತದ ದೃಷ್ಟಿಯಿಂದ ಅದು ಫಿನ್ಲೆಂಡಿಗೆ ಸೇರಿದುದು. ಜನರಾಡುವ ನುಡಿ ಮಾತ್ರ ಸ್ವೀಡಿಷ್. ಬೇಸಾಯ, ಮೀನುಗಾರಿಕೆ, ಹಡಗಿನ ದುಡಿಮೆಗಳೇ ಅಲ್ಲಿಯವರಿಗೆ ಜೀವನಾಧಾರವಾಗಿದ್ದ ಕಾಲವೊಂದಿತ್ತು. ಸುತ್ತಲೂ ಕಡಲಾದುದರಿಂದ ಹೆಣ್ಣು ಕೊಡುವುದೂ ತರುವುದೂ ಬಹುಮಟ್ಟಿಗೆ ಆಸುಪಾಸಿನ ಮನೆಗಳಲ್ಲಿಯೇ ನಡೆಯುತ್ತಿತ್ತು. ಇಂತಹ ನೆಲೆಗಳಲ್ಲಿ ಮನೆತನದ ಮೂಗು, ಕಣ್ಣು, ಸ್ವಭಾವಗಳು ಹೇಗೋ ಹಾಗೆ ಮನೆತನದ ರೋಗಗಳೂ ತಲೆಮಾರಿನಿಂದ ತಲೆಮಾರಿಗೆ ಸಾಗಿಬರುವುದು ಸಹಜ.

೧೯೨೪ರ ಸುಮಾರಿಗೆ ಆ ಸಮೂಹದ ಫೊಗ್ಲೊ ಎಂಬ ನಡುಗಡ್ಡೆಯಿಂದ ಐದು ವರ್ಷದ ಒಬ್ಬ ಬಾಲಿಕೆಯನ್ನು ಹೆಲ್ಸಿಂಕಿ ನಗರದ ಡೀಕನೆಸ್ ಆಸ್ಪತ್ರೆಗೆ ಕರೆತಂದರು. ಮಗುವಿಗೆ ಮೂಗಿನಿಂದ, ಒಸಡಿನಿಂದ ಪದೇ ಪದೇ ರಕ್ತ ಸೋರುತ್ತಿತ್ತು. ಎಲ್ಲಿ ತಾಗಿದರೂ ಚರ್ಮದಡಿಯಲ್ಲಿ ನೀಲಿಗಟ್ಟುತ್ತಿತ್ತು. ಮೂರನೆಯ ವರ್ಷದಲ್ಲಿ ತುಟಿಗೆ ಆದ ಗಾಯವೊಂದು ದಿನಗಟ್ಟಲೆ ಸುರಿದು ಅವಳ ಪ್ರಾಣವನ್ನೇ ತೆಗೆಯುವಂತಾಗಿತ್ತು. ಅದಕ್ಕಿಂತ ಭೀಕರವಾದುದು ಮನೆಯ ಚರಿತ್ರೆ. ಅವಳ ಒಡಹುಟ್ಟಿದವರಲ್ಲಿ ಒಬ್ಬಿಬ್ಬರಲ್ಲ, ಹಲವರು ಇದೇ ತೊಂದರೆಯನ್ನು ಹೊತ್ತವರು. ಅಕ್ಕಂದಿರಲ್ಲಿ ಕೆಲವರು ಎಳವೆಯಲ್ಲಿಯೇ ರಕ್ತ ನಿಲ್ಲದೆ ತೀರಿಕೊಂಡಿದ್ದರು. ತಾಯಿತಂದೆಗಳಿಬ್ಬರ ಮನೆತನದಲ್ಲಿಯೂ ಈ ಸೋರಿಕೆಯ ಕಥೆಗಳಿದ್ದವು.

ಮಗುವನ್ನು ಪರೀಕ್ಷಿಸಿದ ವೈದ್ಯರು ಎರಿಕ್ ಅಡಾಲ್ಫ್ ಫೊನ್ ವಿಲ್ಲೆಬ್ರಾಂಡ್. ೧೮೭೦ರಲ್ಲಿ ಫಿನ್ಲೆಂಡಿನ ವಾಸಾ ಪಟ್ಟಣದಲ್ಲಿ ಹುಟ್ಟಿದ ಇವರು, ರಕ್ತಸ್ರಾವವಾದ ಮೇಲೆ ರಕ್ತದಲ್ಲಿ ಉಂಟಾಗುವ ಬದಲಾವಣೆಗಳನ್ನು ಕುರಿತು ೧೮೯೯ರಲ್ಲಿ ಮಹಾಪ್ರಬಂಧ ಬರೆದಿದ್ದವರು. ಆದುದರಿಂದ ಈ ವಿಷಯ ಅವರಿಗೆ ಹೊಸದೇನಾಗಿರಲಿಲ್ಲ. ಹೊಸದಾಗಿದ್ದುದು ಅವರೆದುರು ನಿಂತಿದ್ದ ಒಗಟು. ಆನುವಂಶಿಕವಾದ ರಕ್ತಸ್ರಾವವೆಂದರೆ ಆ ಕಾಲದ ವೈದ್ಯರ ಮನಸ್ಸಿಗೆ ಬರುತ್ತಿದ್ದುದು ಒಂದೇ ರೋಗ: ಕನ್ನಡದಲ್ಲಿ ಕುಸುಮರೋಗವೆಂದು ಕರೆಯುವ ಹಿಮೊಫಿಲಿಯ. ಅದು ಬಹುಶಃ ಗಂಡುಮಕ್ಕಳನ್ನೇ ಬಾಧಿಸುತ್ತದೆ. ತಾಯಿ ಅದನ್ನು ಹೊತ್ತು ತರುವವಳು ಮಾತ್ರ. ಇಲ್ಲಿಯಾದರೋ ಸಾಯುತ್ತಿದ್ದವರು ಹೆಣ್ಣುಮಕ್ಕಳು.

ವಿಲ್ಲೆಬ್ರಾಂಡರು ಆ ಒಂದು ಮಗುವಿನಲ್ಲಿಗೆ ನಿಲ್ಲಿಸಲಿಲ್ಲ. ಮನೆತನದ ಅರುವತ್ತಾರು ಮಂದಿಯ ವೃತ್ತಾಂತವನ್ನು ಸಂಗ್ರಹಿಸಿದರು. ಅವರಲ್ಲಿ ಇಪ್ಪತ್ತಮೂವರಿಗೆ ರಕ್ತಸ್ರಾವದ ತೊಂದರೆಯಿದ್ದುದು ಕಂಡುಬಂದಿತು. ಹೆಣ್ಣು ಗಂಡು ಎಂಬ ಭೇದವಿಲ್ಲದೆ ಇಬ್ಬರಲ್ಲಿಯೂ ಇದ್ದಿತು, ಹೆಂಗಸರಲ್ಲಿ ಹೆಚ್ಚಾಗಿಯೇ ಇದ್ದಿತು. ಪ್ರಯೋಗಶಾಲೆಯ ಫಲಿತಾಂಶ ಇನ್ನೂ ವಿಚಿತ್ರ. ಗಾಜಿನ ನಳಿಕೆಯಲ್ಲಿ ಹಾಕಿಟ್ಟ ರಕ್ತ ಎಲ್ಲರ ರಕ್ತದಂತೆಯೇ ಸಕಾಲದಲ್ಲಿ ಹೆಪ್ಪುಗಟ್ಟುತ್ತಿತ್ತು. ರಕ್ತದಲ್ಲಿರುವ ಕಿರುತಟ್ಟೆಗಳ, ಅಂದರೆ ಪ್ಲೇಟ್‌ಲೆಟ್‌ಗಳ, ಸಂಖ್ಯೆಯೂ ಸರಿಯಾಗಿದ್ದಿತು. ಆದರೆ ಕಿವಿಯ ಹಾಲೆಯನ್ನು ಸಣ್ಣಗೆ ಚುಚ್ಚಿ ರಕ್ತ ನಿಲ್ಲುವ ಹೊತ್ತನ್ನು ಎಣಿಸಿದರೆ, ಅದು ಮಾತ್ರ ಮಿತಿಮೀರಿ ನೀಳುತ್ತಿತ್ತು. ನಳಿಕೆಯಲ್ಲಿ ಹೆಪ್ಪುಗಟ್ಟುವ ರಕ್ತ ಮೈಯ ಗಾಯದಲ್ಲಿ ಏಕೆ ನಿಲ್ಲದು? ೧೯೨೬ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಅವರು ಪ್ರಕಟಿಸಿದ ಲೇಖನ ಈ ಪ್ರಶ್ನೆಯನ್ನು ಲೋಕದ ಮುಂದಿಟ್ಟಿತು. ರೋಗಕ್ಕೆ ಅವರು ಕೊಟ್ಟ ಹೆಸರು ‘ಆನುವಂಶಿಕ ಹುಸಿ ಹಿಮೊಫಿಲಿಯ’. ತಮ್ಮ ಹೆಸರನ್ನು ಅವರು ಅದಕ್ಕೆ ಇಟ್ಟುಕೊಂಡವರಲ್ಲ, ಮುಂದಿನವರು ಇಟ್ಟರು.

ಆ ಬಾಲಿಕೆ ಬದುಕಲಿಲ್ಲ. ಮೈನೆರೆದು, ಹದಿಮೂರನೆಯ ವಯಸ್ಸಿನಲ್ಲಿ, ನಾಲ್ಕನೆಯ ಸಲದ ಮುಟ್ಟಿನಲ್ಲಿ ರಕ್ತಸ್ರಾವ ನಿಲ್ಲದೆ ತೀರಿಕೊಂಡಳು. ವೈದ್ಯಗ್ರಂಥಗಳಲ್ಲಿ ಈ ಸಂಗತಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆದರೆ ಈ ವ್ಯಾಧಿಯನ್ನು ಅರಿಯಬೇಕೆನ್ನುವವರು ನಿಂತು ಆಲೋಚಿಸಬೇಕಾದ ವಾಕ್ಯವೇ ಅದು. ಯುದ್ಧದ ಗಾಯವಲ್ಲ, ಅಪಘಾತವಲ್ಲ; ಹೆಣ್ಣಿನ ದೇಹ ತಿಂಗಳಿಗೊಮ್ಮೆ ಸಹಜವಾಗಿ ನಡೆಸುವ ಕ್ರಿಯೆಯೇ ಅವಳಿಗೆ ಮೃತ್ಯುವಾಯಿತು.

ವಿಲ್ಲೆಬ್ರಾಂಡರ ಪ್ರಶ್ನೆಗೆ ಉತ್ತರ ದೊರೆಯಲು ಮೂವತ್ತು ವರ್ಷಗಳು ಹಿಡಿದವು. ದೋಷ ಕಿರುತಟ್ಟೆಗಳಲ್ಲಿದೆ ಎಂದು ಕೆಲವರು, ರಕ್ತನಾಳದ ಗೋಡೆಯಲ್ಲಿದೆ ಎಂದು ಕೆಲವರು ವಾದಿಸಿದರು. ೧೯೫೩ರಲ್ಲಿ ಹೊಸದೊಂದು ಸಂಗತಿ ಹೊರಬಿದ್ದಿತು. ಕುಸುಮರೋಗಿಗಳಲ್ಲಿ ಕೊರತೆಯಾಗುವ ಎಂಟನೆಯ ಅಂಶವೆಂಬ ಹೆಪ್ಪುಕಾರಕ ದ್ರವ್ಯವೇ ಈ ರೋಗಿಗಳಲ್ಲಿಯೂ ಕಡಮೆಯಿದೆ ಎಂಬುದದು. ಹಾಗಾದರೆ ಇದೂ ಕುಸುಮರೋಗವೇ ಆಯಿತೆ?

ಉತ್ತರ ಬಂದುದು ಸ್ವೀಡನ್ನಿನಿಂದ. ಮಾಲ್ಮೊ ನಗರದ ವೈದ್ಯೆ ಇಂಗಾ ಮಾರೀ ನಿಲ್ಸನ್, ಸ್ಟಾಕ್‌ಹೋಮಿನ ಮಾರ್ಗರೆಟಾ ಮತ್ತು ಬಿರ್ಗರ್ ಬ್ಲೂಮ್‌ಬೆಕ್ ದಂಪತಿಗಳು ಮಾನವ ರಕ್ತರಸದಿಂದ ಒಂದು ಸಾರವನ್ನು ಬೇರ್ಪಡಿಸಿದ್ದರು. ತೀವ್ರ ಮುಟ್ಟಿನ ಸ್ರಾವದಿಂದ ಸಾವಿನಂಚಿಗೆ ಬಂದಿದ್ದ ಒಬ್ಬ ತರುಣಿಗೆ ಅದನ್ನು ಕೊಟ್ಟಾಗ ಸ್ರಾವ ಹಿಡಿತಕ್ಕೆ ಬಂದಿತು. ಇಷ್ಟಾದರೆ ಅದು ಚಿಕಿತ್ಸೆಯ ಜಯ ಮಾತ್ರ. ಇವರ ಜಾಣ್ಮೆ ಮುಂದಿನ ಹೆಜ್ಜೆಯಲ್ಲಿದೆ. ಅದೇ ಸಾರವನ್ನು ಕುಸುಮರೋಗಿಯ ರಕ್ತರಸದಿಂದ ತಯಾರಿಸಿ ಕೊಟ್ಟುನೋಡಿದರು. ಎಂಟನೆಯ ಅಂಶವೇ ಇಲ್ಲದ ಆ ಸಾರವೂ ಕೆಲಸ ಮಾಡಿತು! ಅಂದ ಮೇಲೆ ಈ ರೋಗಿಗಳಲ್ಲಿ ಇಲ್ಲದೆ, ಕುಸುಮರೋಗಿಗಳಲ್ಲಿ ಧಾರಾಳವಾಗಿ ಇರುವ ಮತ್ತೊಂದು ದ್ರವ್ಯ ರಕ್ತದಲ್ಲಿರಲೇಬೇಕು. ಎರಡು ರೋಗಗಳು ಬೇರೆ ಬೇರೆ ಎಂಬುದು ಇದರಿಂದ ಸಿದ್ಧವಾಯಿತು. ಓಲಂಡಿನ ಕೋಕರ್ ದ್ವೀಪದಲ್ಲಿಯೇ ಹುಟ್ಟಿ ಬೆಳೆದಿದ್ದ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಎರಿಕ್ ಯೋರ್ಪೆಸ್ ಅವರೂ ಈ ತಂಡದಲ್ಲಿದ್ದರು. ತಂಡದವರು ಓಲಂಡಿಗೆ ಹೋಗಿ ಮೂಲ ಮನೆತನದವರ ರಕ್ತವನ್ನೇ ಪರೀಕ್ಷಿಸಿ, ವಿಲ್ಲೆಬ್ರಾಂಡರು ಕಂಡ ರೋಗವೂ ಇದುವೇ ಎಂದು ಖಚಿತಪಡಿಸಿದರು. ೧೯೪೯ರಲ್ಲಿ ತೀರಿಕೊಂಡಿದ್ದ ಆ ವೈದ್ಯರು ಇದನ್ನು ಕಾಣಲಿಲ್ಲ. ೧೯೭೧ರಲ್ಲಿ ಅಮೆರಿಕದ ವಿಜ್ಞಾನಿಗಳು ಆ ದ್ರವ್ಯವನ್ನು ಪ್ರತ್ಯೇಕವಾಗಿ ಗುರುತಿಸಿದರು. ಫೊನ್ ವಿಲ್ಲೆಬ್ರಾಂಡ್ ಅಂಶವೆಂಬ ಹೆಸರು ನಿಂತಿತು.

ಈ ಅಂಶ ಮಾಡುವ ಕೆಲಸವಾದರೂ ಏನು? ಕೆರೆಯ ಏರಿ ಒಡೆದಾಗ ಹಳ್ಳಿಯವರು ಮಾಡುವ ಕೆಲಸವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಬಿರುಸಾಗಿ ನುಗ್ಗುವ ನೀರಿಗೆ ಬರಿಯ ಮಣ್ಣು ಸುರಿದರೆ ಮಣ್ಣೇ ಕೊಚ್ಚಿಹೋಗುತ್ತದೆ. ಮೊದಲು ಗೂಟ ಬಡಿದು ಹಗ್ಗ ಬಿಗಿದು, ಅದಕ್ಕೆ ಸಿಲುಕಿ ನಿಲ್ಲುವಂತೆ ಸೊಪ್ಪುಸದೆ ಮರಳುಚೀಲಗಳನ್ನು ಒಡ್ಡಿ, ಆಮೇಲೆ ಮಣ್ಣು ಮೆತ್ತಬೇಕು. ರಕ್ತನಾಳ ಹರಿದಾಗ ಕಿರುತಟ್ಟೆಗಳು ಆ ಮರಳುಚೀಲಗಳು. ತರುವಾಯ ಹೆಪ್ಪುಗಟ್ಟುವ ನಾರು ಆ ಮಣ್ಣು. ಫೊನ್ ವಿಲ್ಲೆಬ್ರಾಂಡ್ ಅಂಶವೇ ಹಗ್ಗ. ರಕ್ತನಾಳದ ಒಳಪದರದ ಕೋಶಗಳು ಈ ಹಗ್ಗವನ್ನು ಹೊಸೆದು ಸುತ್ತಿ ಸಿದ್ಧವಾಗಿಟ್ಟಿರುತ್ತವೆ. ಒಂದಕ್ಕೊಂದು ಕೊಂಡಿ ಹಾಕಿದ ಅನೇಕ ಘಟಕಗಳ ಈ ಸರಪಣಿ ರಕ್ತದ ಅತಿ ದೊಡ್ಡ ಪ್ರೋಟೀನುಗಳಲ್ಲೊಂದು. ಗಾಯವಾದೊಡನೆ ಅದರ ಒಂದು ತುದಿ ತೆರೆದುಕೊಂಡ ಗೋಡೆಯ ನಾರಿಗೆ ಅಂಟುತ್ತದೆ. ಹರಿವಿನ ರಭಸಕ್ಕೆ ಸುರುಳಿ ಬಿಚ್ಚಿಕೊಂಡು, ಓಡುತ್ತಿರುವ ಕಿರುತಟ್ಟೆಗಳನ್ನು ಹಿಡಿದು ನಿಲ್ಲಿಸುತ್ತದೆ. ಇದಲ್ಲದೆ ಎಂಟನೆಯ ಅಂಶವನ್ನು ಮಡಿಲಲ್ಲಿಟ್ಟುಕೊಂಡು ಅದು ಬೇಗ ನಾಶವಾಗದಂತೆ ಕಾಯುವುದೂ ಇದರದೇ ಕೆಲಸ. ಕಾಯುವವನಿಲ್ಲದಿದ್ದರೆ ಎಂಟನೆಯ ಅಂಶವೂ ಕುಗ್ಗುತ್ತದೆ. ೧೯೫೩ರಲ್ಲಿ ಕಂಡ ಕೊರತೆಯ ಗುಟ್ಟು ಇದು. ನಳಿಕೆಯಲ್ಲಿ ಹರಿವೇ ಇಲ್ಲವಾದುದರಿಂದ ಹಗ್ಗದ ಅಗತ್ಯವೂ ಅಲ್ಲಿಲ್ಲ. ವಿಲ್ಲೆಬ್ರಾಂಡರನ್ನು ಬೆರಗುಗೊಳಿಸಿದ ವೈಚಿತ್ರ್ಯದ ಕಾರಣವೂ ಇಲ್ಲಿಯೇ ಇದೆ.

ಹಗ್ಗ ಕಡಮೆಯಾದರೆ ಮೊದಲನೆಯ ಬಗೆ. ರೋಗಿಗಳಲ್ಲಿ ಬಹುಪಾಲು ಈ ಬಗೆಯವರು, ತೊಂದರೆಯೂ ಸಾಧಾರಣವಾಗಿ ಸೌಮ್ಯ. ಹಗ್ಗವಿದ್ದರೂ ಹೊಸೆತ ಸರಿಯಿಲ್ಲದಿದ್ದರೆ ಎರಡನೆಯ ಬಗೆ. ಹಗ್ಗವೇ ಇಲ್ಲದಿರುವುದು ಮೂರನೆಯ ಬಗೆ. ಇದು ವಿರಳ ಮತ್ತು ಅತ್ಯಂತ ತೀವ್ರ. ಇದಕ್ಕೆ ಕಾರಣವಾದ ಜೀನ್ ಹನ್ನೆರಡನೆಯ ವರ್ಣತಂತುವಿನಲ್ಲಿರುವುದನ್ನು ೧೯೮೫ರಲ್ಲಿ ಕಂಡುಹಿಡಿದರು. ಲಿಂಗನಿರ್ಧಾರಕವಲ್ಲದ ವರ್ಣತಂತುವಾದುದರಿಂದ ಗಂಡಿಗೂ ಹೆಣ್ಣಿಗೂ ರೋಗ ಸಮನಾಗಿ ಬರುತ್ತದೆ. ಮೊದಲೆರಡು ಬಗೆಗಳಲ್ಲಿ ಸಾಮಾನ್ಯವಾಗಿ ತಾಯಿತಂದೆಯರಲ್ಲಿ ಒಬ್ಬರಿಗೆ ದೋಷವಿದ್ದರೂ ಪ್ರತಿ ಮಗುವಿಗೆ ಅದು ಬರುವ ಸಂಭವ ಅರ್ಧಕ್ಕರ್ಧ. ಮೂರನೆಯ ಬಗೆಗೆ ಇಬ್ಬರಿಂದಲೂ ದೋಷ ಬಂದು ಕೂಡಬೇಕು. ಫೊಗ್ಲೊ ದ್ವೀಪದ ಬಾಲಿಕೆಗೆ ಆದುದು ಹೀಗೆ. ಆ ಮನೆತನದ ಜೀನಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿದ್ದುದನ್ನು ೧೯೯೩ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿಕೊಟ್ಟರು. ಅಕ್ಷರ ತಪ್ಪಿದರೆ ಅರ್ಥ ಕೆಡುವುದನ್ನು ಉಪಾಧ್ಯಾಯರು ದಿನವೂ ಕಾಣುತ್ತಾರೆ. ಇಲ್ಲಿ ಕೆಟ್ಟುದು ಮಕ್ಕಳ ಆಯುಷ್ಯ.

ಕನ್ನಡ ನಾಡಿಗೆ ಈ ಮೂರನೆಯ ಬಗೆಯ ವಿಚಾರ ಹತ್ತಿರದ್ದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ ಇಲ್ಲಿ ಹಳೆಯದು. ರಕ್ತಸಂಬಂಧದ ಮದುವೆಯಲ್ಲಿ ಒಂದೇ ಅಜ್ಜ ಅಜ್ಜಿಯರಿಂದ ಬಂದ ಅಡಗಿದ ದೋಷ ಎರಡು ಕಡೆಯಿಂದಲೂ ಬಂದು ಮಗುವಿನಲ್ಲಿ ಕೂಡುವ ಅವಕಾಶ ಹೆಚ್ಚು. ಭಾರತದ ಆಸ್ಪತ್ರೆಗಳಲ್ಲಿ ಗುರುತಿಸಲಾದ ರೋಗಿಗಳಲ್ಲಿ ತೀವ್ರ ಬಗೆಯವರ ಪಾಲು ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚಾಗಿರುವುದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣವೂ ಇದೆ, ಅದನ್ನು ಮರೆಯಲಾಗದು: ಸೌಮ್ಯ ಬಗೆಯವರನ್ನು ಇಲ್ಲಿ ಯಾರೂ ಹುಡುಕಿಯೇ ಇಲ್ಲ. ಇಟಲಿಯಲ್ಲಿ ಹುಡುಕಿದರು. ಆ ದೇಶದ ಉತ್ತರ ಭಾಗದಲ್ಲಿ ಸಾವಿರದ ಇನ್ನೂರಕ್ಕೂ ಮಿಕ್ಕಿದ ಶಾಲಾಮಕ್ಕಳನ್ನು ಪರೀಕ್ಷಿಸಿ ೧೯೮೭ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರಕ್ಕೆ ಸುಮಾರು ೦.೮ ಮಕ್ಕಳಲ್ಲಿ ಈ ದೋಷವಿದ್ದಿತು. ಅವರಲ್ಲಿ ವೈದ್ಯರ ಬಳಿಗೆ ಹೋಗುವಷ್ಟು ತೊಂದರೆ ಪಡುವವರು ಕೆಲವರೇ ಸರಿ. ಆದರೂ ಆನುವಂಶಿಕ ರಕ್ತಸ್ರಾವ ವ್ಯಾಧಿಗಳಲ್ಲಿ ಇದರಷ್ಟು ಸಾಮಾನ್ಯವಾದುದು ಬೇರೊಂದಿಲ್ಲ. ಕುಸುಮರೋಗದ ಹೆಸರನ್ನು ಕೇಳದವರು ವಿರಳ. ಅದಕ್ಕಿಂತ ಹೆಚ್ಚು ಜನರಲ್ಲಿರುವ ಇದರ ಹೆಸರನ್ನು ಕೇಳಿದವರು ವಿರಳ. ಇದೊಂದು ವಿಪರ್ಯಾಸವೇ ಸರಿ.

ಇದಕ್ಕೆ ಕಾರಣ ವ್ಯಾಧಿಯ ಸ್ವಭಾವದಲ್ಲಿದೆ. ಕುಸುಮರೋಗದಲ್ಲಿ ಮೊಣಕಾಲು, ಮೊಣಕೈ ಕೀಲುಗಳೊಳಗೆ ರಕ್ತ ತುಂಬಿ ಬಾತು ನೋವಿನಿಂದ ಹುಡುಗ ನರಳುತ್ತಾನೆ. ಯಾರೂ ಅದನ್ನು ಕಡೆಗಣಿಸಲಾರರು. ಇಲ್ಲಿ ಸೋರುವುದು ಮೂಗು, ಒಸಡು, ಗರ್ಭಕೋಶದಂತಹ ತೇವದ ಪೊರೆಗಳಿಂದ. ಬೇಸಿಗೆಯಲ್ಲಿ ಮೂಗಿನಿಂದ ರಕ್ತ ಬಂದರೆ ಮೈಗೆ ಉಷ್ಣವಾಯಿತೆಂದು ನೆತ್ತಿಗೆ ಎಣ್ಣೆ ತಟ್ಟುತ್ತಾರೆ. ಹಲ್ಲು ಕೀಳಿಸಿದ ಮೇಲೆ ರಾತ್ರಿಯೆಲ್ಲ ರಕ್ತ ಬಂದರೆ ಹಲ್ಲಿನ ವೈದ್ಯರ ಕೈಗುಣವನ್ನು ದೂರುತ್ತಾರೆ. ಹುಡುಗಿಗೆ ಎಂಟು ಹತ್ತು ದಿನ ಮುಟ್ಟು ನಿಲ್ಲದಿದ್ದರೆ, ‘ಅಮ್ಮನಿಗೂ ಹಾಗೇ ಇತ್ತು, ಅಜ್ಜಿಗೂ ಹಾಗೇ ಇತ್ತು’ ಎನ್ನುತ್ತಾರೆ. ಮನೆತನದಲ್ಲಿ ಎಲ್ಲರಿಗೂ ಇದ್ದುದರಿಂದಲೇ ಅದು ಸಹಜವೆಂದು ತೋರುತ್ತದೆ. ಮನೆತನದಲ್ಲಿ ಎಲ್ಲರಿಗೂ ಇದ್ದುದರಿಂದಲೇ ಅದನ್ನು ಶಂಕಿಸಬೇಕಾಗಿತ್ತು.

ಹೆಣ್ಣುಮಕ್ಕಳ ಮಾತನ್ನು ಬಿಡಿಸಿ ಹೇಳುವುದು ಅಗತ್ಯ. ಹನ್ನೆರಡನೆಯ ಶತಮಾನದ ಶಿವಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ರಜಸ್ಸೂತಕವೂ ಅವುಗಳಲ್ಲೊಂದು. ಇಷ್ಟಲಿಂಗವನ್ನು ಧರಿಸಿದವಳಿಗೆ ಮುಟ್ಟಿನ ಮೈಲಿಗೆಯಿಲ್ಲವೆಂದು ಸಾರಿದ ಪರಂಪರೆಯ ಮನೆಗಳಲ್ಲಿಯೂ ಆ ವಿಷಯವನ್ನು ಬಾಯಿಬಿಟ್ಟು ಆಡುವ ರೂಢಿ ಬೆಳೆಯಲಿಲ್ಲ. ಮೈಲಿಗೆ ಹೋದರೂ ಮೌನ ಉಳಿಯಿತು. ಆ ಮೌನದ ಬೆಲೆಯನ್ನು ಮೊದಲು ತೆರುವುದು ರಕ್ತಹೀನತೆಯ ರೂಪದಲ್ಲಿ. ಮುಖ ಬಿಳಿಚಿ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹುಡುಗಿಗೆ ಕಬ್ಬಿಣದ ಮಾತ್ರೆ ಕೊಡುತ್ತಾರೆ, ಅದು ತಕ್ಕುದೇ. ಆದರೆ ತಿಂಗಳು ತಿಂಗಳೂ ತೂತಿನಿಂದ ಸೋರುವ ಕೊಡಕ್ಕೆ ಮೇಲಿನಿಂದ ನೀರು ಹೊಯ್ದಂತೆ ವರ್ಷಗಟ್ಟಲೆ ಮಾತ್ರೆ ಕೊಡುತ್ತ ಹೋದರೂ ತೂತನ್ನು ಯಾರೂ ನೋಡುವುದಿಲ್ಲ. ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾಗುವುದು, ಗಡ್ಡೆಗಡ್ಡೆಯಾಗಿ ಹೋಗುವುದು, ಏಳು ದಿನ ಕಳೆದರೂ ನಿಲ್ಲದಿರುವುದು, ರಾತ್ರಿ ಹಾಸಿಗೆ ತೊಯ್ಯುವುದು ಸಹಜವಲ್ಲ. ಇದನ್ನು ಒಬ್ಬ ತಾಯಿ, ಒಬ್ಬ ಉಪಾಧ್ಯಾಯಿನಿ ಹುಡುಗಿಗೆ ಹೇಳದಿದ್ದರೆ ಅವಳಿಗೆ ತಿಳಿಯುವ ಬಗೆಯೇ ಇಲ್ಲ. ಪಕ್ಕದವಳ ಮುಟ್ಟು ಹೇಗಿರುತ್ತದೆಂದು ಅವಳು ಕಂಡಿಲ್ಲವಷ್ಟೆ. ಹೆರಿಗೆಯ ವಿಚಾರದಲ್ಲಿಯೂ ಒಂದು ಮೋಸವಿದೆ. ಬಸಿರಿನಲ್ಲಿ ಈ ಅಂಶ ತಾನಾಗಿಯೇ ಏರುತ್ತದೆ. ಹೆರಿಗೆ ಸುಸೂತ್ರವಾಗಿ ಆಗಿಬಿಡಬಹುದು. ಮುಂದೆ ದಿನಗಳೋ ವಾರಗಳೋ ಕಳೆಯುವಷ್ಟರಲ್ಲಿ ಅದು ಇಳಿದು, ಬಾಣಂತಿ ಮನೆಗೆ ಬಂದ ಮೇಲೆ ರಕ್ತಸ್ರಾವ ತೊಡಗಬಹುದು.

ಭಾರತದ ಶಾಸನವೂ ಈ ಮರೆವಿಗೆ ಹೊರತಾಗಲಿಲ್ಲ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಹಿಮೊಫಿಲಿಯ ಅವುಗಳಲ್ಲೊಂದಾದುದು ಸಂತೋಷದ ಸಂಗತಿ. ಆದರೆ ಅದಕ್ಕೆ ಕೊಟ್ಟಿರುವ ಲಕ್ಷಣದಲ್ಲಿ, ಅದು ಸಾಮಾನ್ಯವಾಗಿ ಗಂಡಸರಿಗೆ ಬರುವ, ಹೆಂಗಸರ ಮೂಲಕ ಗಂಡುಮಕ್ಕಳಿಗೆ ಸಾಗುವ ರೋಗವೆಂದು ಹೇಳಿದೆ. ಫೊನ್ ವಿಲ್ಲೆಬ್ರಾಂಡ್ ವ್ಯಾಧಿಯ ಹೆಸರು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ರಕ್ತ ಸೋರುವ ಹೆಣ್ಣು ಆ ವಾಕ್ಯದಲ್ಲಿ ಬರುವುದು ರೋಗವನ್ನು ಸಾಗಿಸುವವಳಾಗಿ ಮಾತ್ರ. ವಿಲ್ಲೆಬ್ರಾಂಡರು ೧೯೨೬ರಲ್ಲಿ ತಿದ್ದಿದ ತಿಳಿವಳಿಕೆ ತೊಂಬತ್ತು ವರ್ಷಗಳ ಮೇಲೆಯೂ ಶಾಸನದ ಪುಟಕ್ಕೆ ಬರಲಿಲ್ಲವೆಂದರೆ ಖೇದವಾಗುತ್ತದೆ.

ವ್ಯಾಧಿಯನ್ನು ಗುರುತಿಸುವುದೂ ಒಂದೇ ಪರೀಕ್ಷೆಯಲ್ಲಿ ಮುಗಿಯುವ ಕೆಲಸವಲ್ಲ. ಸಾಮಾನ್ಯವಾಗಿ ಮಾಡಿಸುವ ಹೆಪ್ಪುಗಟ್ಟುವ ಪರೀಕ್ಷೆಗಳು ಈ ರೋಗಿಗಳಲ್ಲಿ ಅನೇಕ ವೇಳೆ ಸರಿಯಾಗಿಯೇ ಬರುತ್ತವೆ. ಅಂಶದ ಪ್ರಮಾಣ, ಅದರ ಕಾರ್ಯಶಕ್ತಿ, ಎಂಟನೆಯ ಅಂಶದ ಮಟ್ಟ ಇವನ್ನು ಬೇರೆಯಾಗಿಯೇ ಅಳೆಯಬೇಕು. ಆ ಅಳತೆಯೂ ಚಂಚಲ. ಭಯ, ಓಟ, ಜ್ವರ, ಬಸಿರು ಇವುಗಳಲ್ಲಿ ಅದು ಏರುತ್ತದೆ. ಸೂಜಿ ಕಂಡು ಅತ್ತು ರಂಪ ಮಾಡಿದ ಮಗುವಿನಲ್ಲಿ ರೋಗವಿದ್ದೂ ಇಲ್ಲದಂತೆ ತೋರಬಹುದು. ಓ ಗುಂಪಿನ ರಕ್ತದವರಲ್ಲಿ ಮಟ್ಟ ಮಿಕ್ಕವರಿಗಿಂತ ಸುಮಾರು ಕಾಲುಭಾಗ ಕಡಮೆ. ಆದುದರಿಂದ ಪರೀಕ್ಷೆಯನ್ನು ಒಂದಕ್ಕಿಂತ ಹೆಚ್ಚು ಸಲ ಮಾಡಿಸಿ, ಮನೆತನದ ವೃತ್ತಾಂತದೊಡನೆ ತೂಗಿನೋಡುವುದು ತಜ್ಞರ ಪದ್ಧತಿ. ಮಟ್ಟ ನೂರಕ್ಕೆ ಮೂವತ್ತಕ್ಕಿಂತ ಕೆಳಗಿದ್ದರೆ ವ್ಯಾಧಿಯಿದೆಯೆಂದೂ, ಮೂವತ್ತರಿಂದ ಐವತ್ತರೊಳಗಿದ್ದು ರಕ್ತಸ್ರಾವದ ಚರಿತ್ರೆಯೂ ಇದ್ದರೆ ಹಾಗೆಯೇ ಭಾವಿಸಬೇಕೆಂದೂ ೨೦೨೧ರಲ್ಲಿ ಅಂತರರಾಷ್ಟ್ರೀಯ ತಜ್ಞರು ಸೂಚಿಸಿದ್ದಾರೆ. ಕರ್ನಾಟಕದಲ್ಲಿ ದಾವಣಗೆರೆಯ ಹಿಮೊಫಿಲಿಯ ಸೊಸೈಟಿಯಂತಹ ಸಂಸ್ಥೆಗಳು ರಕ್ತಸ್ರಾವ ವ್ಯಾಧಿಯವರಿಗೆ ನೆರವಾಗುತ್ತಿವೆ.

ಚಿಕಿತ್ಸೆಯ ಚರಿತ್ರೆ ಆಶಾದಾಯಕವಾದುದು. ಜಪಾನಿನ ಒಕಾಮೊಟೊ ದಂಪತಿಗಳು ೧೯೬೨ರಲ್ಲಿ ಪ್ರಕಟಿಸಿದ ಟ್ರಾನೆಕ್ಸಾಮಿಕ್ ಆಮ್ಲ ಕಟ್ಟಿದ ಹೆಪ್ಪು ಬೇಗ ಕರಗದಂತೆ ಕಾಯುತ್ತದೆ. ಮಾತ್ರೆಯ ರೂಪದಲ್ಲಿ ಸುಲಭ ಬೆಲೆಗೆ ದೊರೆಯುವ ಇದು ಮುಟ್ಟಿನ ಸ್ರಾವಕ್ಕೂ ಹಲ್ಲಿನ ಗಾಯಕ್ಕೂ ಬಹಳ ಉಪಯುಕ್ತ. ಹೆರಿಗೆಯ ಬಳಿಕ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಉತಾಕೊ ಒಕಾಮೊಟೊ ಅವರ ಹಂಬಲವಾಗಿದ್ದಿತು. ೧೯೭೭ರಲ್ಲಿ ಇಟಲಿಯ ಮನ್ನೂಚಿ ಮತ್ತು ಸಂಗಡಿಗರು ಡೆಸ್ಮೊಪ್ರೆಸಿನ್ ಎಂಬ ಔಷಧ ರಕ್ತನಾಳದ ಕೋಶಗಳಲ್ಲಿ ಕೂಡಿಟ್ಟ ಅಂಶವನ್ನು ಹೊರಡಿಸುತ್ತದೆಂಬುದನ್ನು ತೋರಿಸಿದರು. ಕೂಡಿಟ್ಟುದೇ ಇಲ್ಲದ ಮೂರನೆಯ ಬಗೆಯವರಿಗೆ ಅದರಿಂದ ಪ್ರಯೋಜನವಿಲ್ಲ; ಅವರಿಗೆ ಹೊರಗಿನಿಂದಲೇ ಅಂಶವನ್ನು ಕೊಡಬೇಕು. ಹಲವರ ರಕ್ತರಸವನ್ನು ಕೂಡಿಸಿ ತೆಗೆದ ಇಂತಹ ಸಾರಗಳು ೧೯೮೦ರ ದಶಕದ ಮೊದಲ ಭಾಗದಲ್ಲಿ ಏಡ್ಸ್ ಮತ್ತು ಕಾಮಾಲೆಯ ವೈರಸ್ಸುಗಳನ್ನು ಹೊತ್ತು ತಂದು ಲೋಕದಾದ್ಯಂತ ಅಪಾರ ಹಾನಿ ಮಾಡಿದವು. ಆಮೇಲೆ ಕಾಯಿಸಿ ಶುದ್ಧೀಕರಿಸುವ ವಿಧಾನಗಳು ಬಂದವು. ರಕ್ತದಿಂದಲ್ಲದೆ ಜೀವಕೋಶಗಳಲ್ಲಿ ಬೆಳೆಸಿ ತೆಗೆದ ಅಂಶಕ್ಕೆ ಅಮೆರಿಕದಲ್ಲಿ ೨೦೧೫ರಲ್ಲಿ ಮನ್ನಣೆ ದೊರೆಯಿತು. ಬೆಲೆಯ ಮಾತು ಬೇರೆ. ಬಡವರ ಮನೆಗೆ ಅದು ಇನ್ನೂ ದೂರದ ವಸ್ತು.

ಔಷಧಕ್ಕಿಂತ ಮೊದಲು ಬೇಕಾದುದು ಎಚ್ಚರ, ಅದಕ್ಕೆ ಬೆಲೆಯಿಲ್ಲ. ಈ ವ್ಯಾಧಿಯುಳ್ಳವರು ತಲೆನೋವು ಮೈಕೈನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ನುಂಗಬಾರದು. ಅವು ಕಿರುತಟ್ಟೆಗಳ ಶಕ್ತಿಯನ್ನು ಕುಂದಿಸುತ್ತವೆ. ಜ್ವರಕ್ಕೆ ಪ್ಯಾರಸಿಟಮಾಲ್ ಆಗಬಹುದು. ಹಲ್ಲು ಕೀಳಿಸುವ ಮುಂಚೆ, ಶಸ್ತ್ರಚಿಕಿತ್ಸೆಯ ಮುಂಚೆ, ಹೆರಿಗೆಯ ಮುಂಚೆ ವೈದ್ಯರಿಗೆ ತಿಳಿಸಲೇಬೇಕು. ಶಾಲೆಯಲ್ಲಿ, ವಿದ್ಯಾರ್ಥಿನಿಲಯದಲ್ಲಿ ಮಗುವಿನ ಮೂಗಿನಿಂದ ರಕ್ತ ಬಂದಾಗ ತಲೆಯನ್ನು ಹಿಂದಕ್ಕೆ ಬಾಗಿಸಿ ಮಲಗಿಸುವುದು ಎಲ್ಲೆಲ್ಲಿಯೂ ಕಾಣುವ ಪದ್ಧತಿ. ಇದರಿಂದ ರಕ್ತ ಗಂಟಲಿಗೆ ಇಳಿಯುತ್ತದೆ. ಎಷ್ಟು ಹೋಯಿತೆಂಬುದೂ ತಿಳಿಯದು. ಕುಳ್ಳಿರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ಹದಿನೈದು ನಿಮಿಷ ಬಿಡದೆ ಅದುಮಿ ಹಿಡಿಯಬೇಕು, ನಡುನಡುವೆ ಬಿಟ್ಟುನೋಡಬಾರದು. ಅಷ್ಟಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಪದೇ ಪದೇ ಹೀಗಾದರೆ ಮನೆಯವರನ್ನು ಕರೆಸಿ, ತಾಯಿಗೆ, ಅಜ್ಜಿಗೆ, ಸೋದರಮಾವಂದಿರಿಗೆ ಹಲ್ಲು ಕಿತ್ತಾಗ, ಹೆರಿಗೆಯಾದಾಗ ಏನಾಗಿತ್ತೆಂದು ಕೇಳಬೇಕು. ಆ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಮಗುವಿನ ಕೈಯಲ್ಲಿ ಕೊಟ್ಟು ಕಳುಹಿಸಿದರೆ ವೈದ್ಯರ ಅರ್ಧ ಕೆಲಸ ಅಲ್ಲಿಯೇ ಆದಂತೆ.